ಹೊತ್ತನ್ನು ಹೊತ್ತು ಬಾದನಹಟ್ಟಿಗೆ

ಬಳ್ಳಾರಿಯಲ್ಲಿ ಕುರುಗೋಡಿನ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ಒಂದು ಪೆಟ್ಟಿಗೆ ಇತ್ತು. ನೋಡಲು ಹಾರ್ಮೋನಿಯಂಗಿಂತ ಚಿಕ್ಕದು, ತೂಕದಲ್ಲಿ ಮಾತ್ರ ಅಕ್ಕಿ ಮೂಟೆಯ ಖಾಸಾ ತಮ್ಮ. ಕಂಡಕ್ಟರ್ ಅದಕ್ಕೆ ಲಗೇಜು ಟಿಕೆಟ್ ಆಗಬೇಕು ಅಂದ.

"ಏನೈತ್ರಿ ಅದರಾಗ?"

"ಟೈಮ್ ಐತಿ."

"ಛಲೋ ಆತು ಬಿಡ್ರಿ. ನಮ್ಮ ಬಸ್ಸಿನಾಗ ಅದೊಂದು ಇದ್ದಿದ್ದಿಲ್ಲ."

ಹಿಂದಿನ ಸೀಟಿನ ಹೆಂಗಸರು ನಕ್ಕರು. ನಾನು ನಗಲಿಲ್ಲ, ಏಕೆಂದರೆ ನಾನು ಹೇಳಿದ್ದು ನಿಜವಾಗಿತ್ತು. ಪೆಟ್ಟಿಗೆಯಲ್ಲಿದ್ದದ್ದು ಒಂದು ಗಡಿಯಾರ. ಮುಳ್ಳಿಲ್ಲ, ಟಿಕ್ ಎನ್ನುವುದಿಲ್ಲ. ಬೆಳಿಗ್ಗೆ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಕಟ್ಟಡದಲ್ಲಿ ಅದಕ್ಕೆ ಸರಿಯಾದ ಹೊತ್ತನ್ನು ಕಲಿಸಿಕೊಟ್ಟಿದ್ದೆವು. ಕಲಿತದ್ದನ್ನು ಅದು ಸಂಜೆಯವರೆಗೂ ಮರೆಯುವುದಿಲ್ಲ, ಬ್ಯಾಟರಿ ಇದ್ದರೆ. ಬ್ಯಾಟರಿ ಸತ್ತರೆ ಅದು ಬರೀ ಪೆಟ್ಟಿಗೆ. ಆದ್ದರಿಂದ ನಾನು ಊರು ದಾಟುವ ಮೊದಲೇ ಅದರ ದೀಪವನ್ನು ಬಗ್ಗಿ ಬಗ್ಗಿ ನೋಡತೊಡಗಿದ್ದೆ. ಪಕ್ಕದಲ್ಲಿ ಕೂತವರು ಒಳಗೆ ಕೋಳಿಮರಿ ಇದೆಯೆಂದು ತಿಳಿದು ಗಾಳಿ ಆಡಲು ತುಸು ಜಾಗ ಬಿಟ್ಟು ಕೊಟ್ಟರು.

ನನ್ನ ಉದ್ಯೋಗವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೊಬೈಲ್ ಟವರುಗಳು ಸಭ್ಯ ಜನರಂತೆ ಸರದಿ ಹಿಡಿದು ಮಾತಾಡುತ್ತವೆ. ಎಲ್ಲವೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಬಾಯಿ ಮುಚ್ಚಿ ಕೇಳಬೇಕು. ಒಂದು ಟವರಿನ ಗಡಿಯಾರ ಕೂದಲೆಳೆಯಷ್ಟು ಮುಂದೆ ಹೋದರೂ ಪಕ್ಕದ ಟವರು ಕೇಳುತ್ತಿರುವಾಗ ಇದು ಮಾತಾಡಲು ಶುರು ಮಾಡುತ್ತದೆ. ಆಗ ನಡುವೆ ಸಿಕ್ಕಿದ ಬಡಪಾಯಿಯ ಫೋನು ಕಡಿಯುತ್ತದೆ. ಎಲ್ಲರಿಗೂ ಒಂದೇ ಹೊತ್ತು ಹಂಚುವ ದೊಡ್ಡ ಗಡಿಯಾರ ಬಳ್ಳಾರಿಯಲ್ಲಿದೆ. ಅದು ಆಕಾಶದ ಉಪಗ್ರಹಗಳನ್ನು ಕೇಳಿ ಹೊತ್ತು ತಿಳಿದುಕೊಳ್ಳುತ್ತದೆ. ಉಳಿದ ಟವರುಗಳ ಮೇಲೂ ಆಕಾಶ ನೋಡುವ ಆಂಟೆನಾ ಇಡಬಹುದಿತ್ತು, ಇಟ್ಟೂ ಇದ್ದೆವು. ಕುರುಗೋಡಿನ ಮಂಗಗಳಿಗೆ ಅದರ ರುಚಿ ಹತ್ತಿತು. ಅಂದಿನಿಂದ ಹೊತ್ತು ನೆಲದೊಳಗಿನ ಈಥರ್ನೆಟ್ಟಿನ ತಂತಿಯಲ್ಲೇ, ಬೆಳಕು ಹರಿಯುವ ಗಾಜಿನ ಎಳೆಗಳಲ್ಲಿ ಹೋಗುತ್ತದೆ, ಜನರ ಸಿನಿಮಾ, ಬೈಗುಳ, ಶುಭೋದಯದ ಹೂವುಗಳ ಜೊತೆಯಲ್ಲಿ.

ಹೋಗುವ ಕ್ರಮ ಹೀಗೆ. ಬಳ್ಳಾರಿಯ ಗಡಿಯಾರ "ಈಗ ಇಷ್ಟು ಹೊತ್ತು" ಎಂದು ಒಂದು ಚೀಟಿ ಕಳಿಸುತ್ತದೆ. ಚೀಟಿ ತಲುಪುವಷ್ಟರಲ್ಲಿ ಆ 'ಈಗ' ಹಳಸಿರುತ್ತದೆ. ಎಷ್ಟು ಹಳಸಿದೆ ಎಂದು ತಿಳಿಯಲು ಟವರು ತಿರುಗಿ ಇನ್ನೊಂದು ಚೀಟಿ ಕಳಿಸುತ್ತದೆ. ಹೋಗಿ ಬಂದ ಹೊತ್ತನ್ನು ಕೂಡಿಸಿ ಅರ್ಧ ಮಾಡಿದರೆ ಒಂದು ದಾರಿಯ ಹೊತ್ತು ಸಿಕ್ಕಿತು. ಹೋಗಲು ಹಿಡಿದಷ್ಟೇ ಹೊತ್ತು ಬರಲೂ ಹಿಡಿಯುತ್ತದೆ ಎಂಬ ಪರಮ ನಂಬಿಕೆಯ ಮೇಲೆ ಇಡೀ ಶಾಸ್ತ್ರ ನಿಂತಿದೆ. ಇದನ್ನು ಬರೆದ ಮಹನೀಯರು ಯಾರೂ ಸಿರುಗುಪ್ಪದ ಬಸ್ಸು ಹತ್ತಿದವರಲ್ಲ.

ಹಿಂದಿನ ದಿನ ಬಳ್ಳಾರಿಯ ಗಾಂಧಿನಗರದ ಆಫೀಸಿನಲ್ಲಿ ನಮ್ಮ ಸಾಹೇಬರು ನಕ್ಷೆಯ ಮೇಲೆ ಬಾದನಹಟ್ಟಿಯ ಸುತ್ತ ಕೆಂಪು ಗೆರೆ ಎಳೆದಿದ್ದರು. ಅಲ್ಲಿನ ಟವರು ಕೆಲವು ವಾರಗಳಿಂದ ಸುತ್ತಲಿನವಕ್ಕೆಲ್ಲ ಅಡ್ಡ ಬಾಯಿ ಹಾಕುತ್ತಿತ್ತು. "ನಾಳೆ ಸಂಜೆಯೊಳಗೆ ಸರಿ ಮಾಡಿ. ಆಗದಿದ್ದರೆ ಆಫ್ ಮಾಡಿ ಬನ್ನಿ. ಒಂದು ಊರಿನ ಸಲುವಾಗಿ ಹತ್ತು ಊರು ಕೆಡಿಸೋಕಾಗಲ್ಲ" ಅಂದರು. ಸಾಹೇಬರು ಮೈಸೂರು ಕಡೆಯವರು. ಊರು ಆರಿಸುವುದನ್ನು ದೀಪ ಆರಿಸಿದಂತೆ ಹೇಳಿದರು.

ಕುರುಗೋಡು ಬಳ್ಳಾರಿಯಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. ಶಿವರಾತ್ರಿಗೆ ಇನ್ನೂ ದಿನಗಳಿದ್ದವು, ಆದರೆ ಈ ಸೀಮೆಯ ಬಿಸಿಲು ಪಂಚಾಂಗ ನೋಡುವುದಿಲ್ಲ. ಬಸ್ಸಿಳಿದಾಗ ಗುಡ್ಡದ ಬಂಡೆಗಳು ಹಂಚಿನಂತೆ ಕಾದಿದ್ದವು. ನಿಲ್ದಾಣದ ಎದುರು ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತಿಂದೆ. ತಿಂದೆ ಅನ್ನುವುದಕ್ಕಿಂತ ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಇನ್ನೊಂದರಲ್ಲಿ ನುಂಗಿದೆ. ಟವರಿನ ಗಡಿಯಾರಕ್ಕೆ ನನ್ನ ಪೆಟ್ಟಿಗೆ ಜೋಡಿಸಿ ನೋಡಿದರೆ ಎರಡೂ ಅವಳಿ ಮಕ್ಕಳಂತೆ ಒಂದೇ ಮಾತು ಹೇಳಿದವು. ಕುರುಗೋಡು ನಿರ್ದೋಷಿ. ಬ್ಯಾಟರಿ ಒಂದು ಗೆರೆ ಇಳಿದಿತ್ತು.

ಅಲ್ಲಿಂದ ಬಾದನಹಟ್ಟಿಗೆ ಟಂಟಂ ಹಿಡಿದೆ. ಮೂರು ಗಾಲಿಯ ಆ ವಾಹನ ತಗ್ಗು ಬಿದ್ದಲ್ಲೆಲ್ಲ ಹೆಸರಿಗೆ ತಕ್ಕ ಸದ್ದು ಮಾಡಿತು. ನಾನು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡೆ. ದಾರಿಯ ಎರಡೂ ಕಡೆ ಕಣಗಳಲ್ಲಿ ಕೆಂಪು ಮೆಣಸಿನಕಾಯಿ ಹರವಿದ್ದರು. ಅದರ ಘಾಟಿಗೆ ಪ್ರಯಾಣಿಕರೆಲ್ಲ ಸರದಿಯಿಲ್ಲದೆ ಸೀನಿದರು.

ಬಾದನಹಟ್ಟಿಯ ಟವರು ಊರ ಹೊರಗೆ, ಪಂಪಣ್ಣ ಎಂಬ ರೈತರ ಹೊಲದ ಅಂಚಿನಲ್ಲಿದೆ. ಅವರ ಮನೆಯೂ ಅಲ್ಲೇ, ರಸ್ತೆಗೆ ಮುಖ ಮಾಡಿದೆ. ಟವರಿನ ಕೋಣೆಯಲ್ಲಿ ಎಲ್ಲ ದೀಪಗಳೂ ಹಸಿರಾಗಿದ್ದವು. ನನಗೆ ಅದೇ ಅನುಮಾನ. ನನ್ನ ಪೆಟ್ಟಿಗೆ ಜೋಡಿಸಿದೆ. ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ, ಈ ಗಡಿಯಾರ ಅಂಥ ಹದಿನೈದು ಚೂರು ಮುಂದಿತ್ತು. ಒಂದೂವರೆ ಚೂರು ಮೀರಬಾರದು. ಆದರೂ ಅದು ತಾನು ಸರಿಯೆಂದು ಹಸಿರು ದೀಪ ಮುಟ್ಟಿ ಪ್ರಮಾಣ ಮಾಡುತ್ತಿತ್ತು. ಸುಳ್ಳು ಹೇಳುವವನನ್ನು ಹಿಡಿಯಬಹುದು, ತಪ್ಪನ್ನು ಮನಸಾರೆ ನಂಬಿದವನನ್ನು ಏನು ಮಾಡುವುದು?

ಹೊರಗೆ ಬಂದಾಗ ಪಂಪಣ್ಣ ಕಟ್ಟೆಯ ಮೇಲೆ ಕೂತಿದ್ದರು. ಬಿಳಿ ಮೀಸೆ, ಹೆಗಲಿಗೆ ಟವೆಲು.

"ಏನ್ರಿ ಸರ, ಸಿಕ್ಕಿತೇನ್ರಿ ರೋಗ?"

"ಹುಡುಕ್ತಾ ಇದ್ದೀನಿ. ಇನ್ನು ಸಿರುಗುಪ್ಪದ ಟವರ್ ನೋಡಬೇಕು. ನಿಮಗೂ ಫೋನ್ ಕಡಿಯುತ್ತಾ?"

"ಕಡಿಯೋದು ಟವರ್ ಅಲ್ರಿ, ಮಂದಿ. ಸಿರುಗುಪ್ಪದಾಗ ಬಸ್ ಸ್ಟ್ಯಾಂಡಿನ ಹಿಂದ ಒಬ್ಬಾಕಿ ಖಾನಾವಳಿ ಇಟ್ಟಾಳ. ಹುಲಿಗೆಮ್ಮ ಅಂತ. ಆಕಿ ಮಗಳನ್ನ ನಮ್ಮ ಹುಡುಗಗ ನೋಡಿ ಬಂದಿದ್ವಿ. ಎಲ್ಲಾ ಒಪ್ಪಿಗಿ ಇತ್ತು. ಮುಂದಿನ ಮಾತಿಗೆ ಫೋನ್ ಮಾಡಿದೆ. ನಾಳಿ ಮಂತ್ರಾಲಯಕ್ಕ ಹೊಂಟೀವಿ, ಬಂದು ತಾರೀಖು ಮಾತಾಡೋಣ ಅಂದೆ. ಆಕಿ ಏನಂದ್ಳು ಗೊತ್ತೇನ್ರಿ?" ಪಂಪಣ್ಣ ಟವೆಲು ಕೊಡವಿದರು. "'ಹೋಗ್' ಅಂದು ಫೋನ್ ಇಟ್ಳು. ನನಗ! ಈ ವಯಸ್ಸಿನ್ಯಾಗ! ನನ್ನ ಹೆಂಡ್ತಿ ಸೈತ ನನಗ ಹಂಗ ಅಂದಿಲ್ಲ."

"ಅಂದೀನಿ, ನಿಮಗ ಕೇಳಿಸಿಲ್ಲ," ಎಂದು ಒಳಗಿನಿಂದ ಒಂದು ದನಿ ಬಂತು.

"ಆಮ್ಯಾಲೆ ಎರಡು ಸಲ ಫೋನ್ ಬಡದ್ಳು, ಎತ್ತಾಕ ಹೋದ್ರ ಬಂದ್! ಮಿಸ್ಡ್ ಕಾಲ್ ಕೊಡತಾಳ್ರಿ ಬೀಗನಾಗೋನಿಗೆ. ಸಾಕಾತು. ಇವತ್ತ ಸಂಜಿ ಬಸ್ಸಿಗೆ ಕಂಪ್ಲಿಗೆ ಹೊಂಟೀವಿ, ಬ್ಯಾರೆ ಹೆಣ್ಣು ನೋಡಾಕ." ತುಸು ತಡೆದು, "ನೀವು ಸಿರುಗುಪ್ಪಕ್ಕ ಹೊಂಟೀರೇನು? ನಾ ಏನೂ ಹೇಳಿ ಕಳಿಸಿಲ್ಲ ನೋಡ್ರಿ. ಕಂಪ್ಲಿಗೆ ಹೊಂಟೀವಿ ಅಂತನೂ ಹೇಳಬ್ಯಾಡ್ರಿ. ಸಂಜಿ ಬಸ್ಸಿಗೆ ಅಂತನೂ ಹೇಳಬ್ಯಾಡ್ರಿ," ಅಂದರು.

ಏನೇನು ಹೇಳಬಾರದೆಂದು ಅವರು ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ನನಗೆ ಯಾವ ಗೊಂದಲವೂ ಉಳಿಯಲಿಲ್ಲ.

ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವರ ಮಗ ಮಲ್ಲಿಕಾರ್ಜುನ ಓಡಿ ಬಂದ. ನೆಲ್ಲು ಕೊಯ್ಯುವ ಯಂತ್ರ ನಡೆಸುವ ಗಟ್ಟಿ ಆಳು, ಆದರೆ ದನಿ ಮಾತ್ರ ಇಲ್ಲಿಂದ ಅಲ್ಲಿಗೆ ಮುಟ್ಟುವಂತಿರಲಿಲ್ಲ.

"ಸರ, ಆಕಿ ಅವ್ವ ಹಂಗ ಅಂದಿಲ್ರಿ. 'ಹೋಗ್ ಬರ್ರಿ' ಅಂದಾಳ. ನಡುವ ಲೈನ್ ಹೋಗೈತಿ."

"ನಿನಗೆ ಹೇಗೆ ಗೊತ್ತು?"

ಅವನು ಕಾಲಿನ ಹೆಬ್ಬೆರಳು ನೋಡಿದ. "ರೇಣುಕಾ ಹೇಳಿದ್ಳು."

"ಮತ್ತೆ ಅಪ್ಪನಿಗೆ ಹೇಳಬಾರದಾ?"

"ನಾವಿಬ್ರೂ ಫೋನಿನ್ಯಾಗ ಮಾತಾಡತೀವಿ ಅಂತ ಗೊತ್ತಾದ್ರ ಮದುವಿ ಅಲ್ರಿ, ಬ್ಯಾರೇನ ಆಗತೈತಿ. ನಂಬರ್ ಕೊಟ್ಟಿದ್ದ ನಮ್ಮಪ್ಪಗ, ನನಗಲ್ಲ. ನಾನು ಕಂಪ್ಲಿಗೆ ಹೋದ್ರ ಕೆಲಸ ಮುಗೀತು ಸರ. ಅಲ್ಲಿ ಹೂಂ ಅನ್ನಿಸೇ ಕರಕೊಂಡು ಬರತಾರ."

ನನ್ನ ಟವರನ್ನು ಸಂಜೆ ಆರಿಸಿದರೆ ಅವನ ಪಾಲಿಗೆ ಉಳಿದ ಫೋನಿನ ದಾರಿಯೂ ಹೋಯಿತು. ಅದನ್ನು ಅವನಿಗೆ ಹೇಳಲಿಲ್ಲ. ಬಸ್ಸು ಬಂತು, ಹತ್ತಿದೆ.

ಸಿರುಗುಪ್ಪದ ದಾರಿಯಲ್ಲಿ ತೆಕ್ಕಲಕೋಟೆ ದಾಟಿದ ಮೇಲೆ ನೆಲ ಹಸಿರಾಗುತ್ತದೆ, ಕಾಲುವೆ, ಗದ್ದೆ, ಬಿಳಿ ಕೊಕ್ಕರೆ. ಬೇರೆ ದಿನವಾಗಿದ್ದರೆ ಒಂದು ಪುಟ ಬರೆಯುತ್ತಿದ್ದೆ. ಅಂದು ನಾನು ಸೀಟಿನ ತುದಿಯಲ್ಲಿ ಕೂತು ಹದಿನೈದು ಚೂರುಗಳ ಲೆಕ್ಕ ಹಾಕುತ್ತಿದ್ದೆ. ಬಸ್ಸು ನಿಂತಲ್ಲೆಲ್ಲ ಎದ್ದು ನಿಂತೆ. ಹಿಂದಿನವರು ಒಮ್ಮೆ, "ಇಳಿಯೋದಿದ್ರ ಇಳೀರಿ, ಇಲ್ಲಾಂದ್ರ ಕುಂದರ್ರಿ" ಅಂದರು. ಸಾಹೇಬರು ಫೋನ್ ಮಾಡಿ "ಏನಾಯ್ತು?" ಅಂದರು. "ನೋಡ್ತಾ ಇದ್ದೀನಿ ಸಾರ್" ಎನ್ನುವಷ್ಟರಲ್ಲಿ ಕರೆ ಕಡಿಯಿತು. ಜೀವನದಲ್ಲಿ ಮೊದಲ ಸಲ ಅದಕ್ಕೆ ಕೃತಜ್ಞನಾದೆ.

ಸಿರುಗುಪ್ಪದ ಟವರಿಗೆ ಹೊತ್ತು ಬರುವುದು ಬೇರೆ ತಂತಿಯಲ್ಲಿ, ಅದರ ಗಡಿಯಾರ ಕರಾರುವಾಕ್ಕಾಗಿತ್ತು. ಅಂದರೆ ರೋಗ ಇದ್ದದ್ದು ಕುರುಗೋಡಿಗೂ ಬಾದನಹಟ್ಟಿಗೂ ನಡುವಿನ ತಂತಿಯಲ್ಲಿ. ಅಲ್ಲಿ ಕೆಲವು ವಾರಗಳ ಹಿಂದೆ ಕಾಲುವೆ ಕೆಲಸದ ಜೆಸಿಬಿ ಕೇಬಲ್ಲನ್ನು ಕಡಿದಿತ್ತೆಂದೂ, ಅದನ್ನು ತಿಪ್ಪೇಸ್ವಾಮಿ ಎಂಬ ಕೇಬಲ್ ಜೋಡಣೆಯವನು ಕೂಡಿಸಿದ್ದನೆಂದೂ ಗೊತ್ತಿತ್ತು. ಫೋನ್ ಮಾಡಿದರೆ ಅವನು ಸಿರುಗುಪ್ಪದಲ್ಲೇ ಇದ್ದ. "ಊಟಕ್ಕ ಕುಂತೀನಿ, ಇಲ್ಲೇ ಬರ್ರಿ. ಬಸ್ ಸ್ಟ್ಯಾಂಡ್ ಹಿಂದ, ಹುಲಿಗೆಮ್ಮನ ಖಾನಾವಳಿ." ದೇವರು ಕೆಲವೊಮ್ಮೆ ಬಸ್ ಖರ್ಚು ಉಳಿಸುತ್ತಾನೆ.

ಖಾನಾವಳಿ ಎಂದರೆ ಮನೆಯ ಮುಂದಿನ ಪಡಸಾಲೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಬಿಳಿ ಅನ್ನ. ಬಡಿಸುತ್ತಿದ್ದ ಹುಡುಗಿಯನ್ನು ಯಾರೋ "ರೇಣುಕಾ" ಎಂದು ಕರೆದಾಗ ನಾನು ಕತ್ತೆತ್ತಿ ನೋಡಿದೆ. ಒಲೆಯ ಪಕ್ಕ ನಿಂತಿದ್ದ ಹುಲಿಗೆಮ್ಮನಿಗೆ, ಬಾದನಹಟ್ಟಿಯ ಪಂಪಣ್ಣನವರು ಏನೂ ಹೇಳಿ ಕಳಿಸಿಲ್ಲ ಎಂಬುದನ್ನು ವಿವರವಾಗಿ ತಿಳಿಸಿದೆ.

"ಕಂಪ್ಲಿಗಾ?" ಆಕೆ ಸೌಟು ಕೆಳಗಿಟ್ಟರು. "ಹೋಗ್ಲಿ ಬಿಡ್ರಿ. ನಾನು ಮರ್ಯಾದಿಲೆ 'ಹೋಗ್ ಬರ್ರಿ' ಅನ್ನಾಕ ಹತ್ತೀನಿ, ಬಾಯಾಗಿನ ಮಾತು ಬಾಯಾಗ ಇರಂಗನ ಟಕ್ ಅಂತ ಫೋನ್ ಇಟ್ರು. ಗಂಡಿನ ಕಡ್ಯಾರು ಅಂತ ಅಷ್ಟು ಸೊಕ್ಕೇನ್ರಿ? ತಿರುಗಿ ಮಾಡಿದ್ರ ಎತ್ತಲಿಲ್ಲ."

"ಅಮ್ಮಾ, ಸರಗ ಮೊದಲ ಸಾರು ಹಾಕ್ತೀನಿ, ಕಥಿ ಆಮ್ಯಾಲೆ ಹಾಕು," ಅಂದಳು ರೇಣುಕಾ. ಸಾರು ಎಲೆಯಾಚೆ ಹರಿಯಿತು.

"ನಾನು ಹೋಗಿ ಹೇಳ್ತೀನಿ, ನೀವು ಅಂದದ್ದು 'ಹೋಗ್ ಬರ್ರಿ' ಅಂತ" ಎಂದೆ.

"ನಂಬ್ತಾರೇನ್ರಿ? ನನ್ನ ಅನ್ನ ಉಂಡು ನನ್ನ ಮಾತು ಆಡಾಕ ಬಂದೀರಿ ಅಂತಾರ."

ಅದೂ ನಿಜವೇ. ನಾನು ತಿಪ್ಪೇಸ್ವಾಮಿಯ ಕಡೆ ತಿರುಗಿದೆ. ಅವನು ಶಾಂತನಾಗಿ ನಾಲ್ಕನೆಯ ರೊಟ್ಟಿ ಮುರಿಯುತ್ತಿದ್ದ.

"ತಿಪ್ಪೇಸ್ವಾಮಿ, ಬಾದನಹಟ್ಟಿ ಹತ್ತಿರ ಕಡಿದ ಕೇಬಲ್ ಹೇಗೆ ಕೂಡಿಸಿದೆ?"

"ಛಂದ ಕೂಡ್ಸೀನ್ರಿ. ಲೈಟ್ ಹಾಕಿದೆ, ಎರಡೂ ಕಡಿ ಲೈಟ್ ಬಂತು, ಮುಚ್ಚಿದೆ."

"ಅಲ್ಲಿ ಎರಡು ಕೇಬಲ್ ಇವೆಯಲ್ಲ. ರಸ್ತೆಗುಂಟ ನೇರ ಹೋಗೋದು ಒಂದು. ಕಾಲುವೆ ದಂಡೆ ಸುತ್ತಿ ಬರೋ ಹಳೇದು ಇನ್ನೊಂದು. ಪ್ರತಿಯೊಂದರಲ್ಲೂ ಹೋಗೋ ಎಳೆ, ಬರೋ ಎಳೆ. ಯಾವುದು ಯಾವುದಂತ ಹೇಗೆ ಗುರುತಿಸಿದೆ?"

"ನಾನ ಹಿಂದ ಟೇಪ್ ಅಂಟಿಸಿ ಬರದಿದ್ದೆನಲ್ರಿ."

"ಏನಂತ?"

"ಬರೋದು."

"ಇನ್ನೊಂದಕ್ಕೆ?"

"ಅದಕ್ಕೂ ಬರೋದು."

ನಾನು ತುತ್ತು ಕೆಳಗಿಟ್ಟೆ.

"ಹಂಗ ನೋಡಬ್ಯಾಡ್ರಿ ಸರ. ಹೊಸ ಕೆಲಸದ ಮ್ಯಾಲ 'ಹೋಗೋದು' ಅಂತ ಯಾರಾದ್ರೂ ಬರೀತಾರೇನು? ಮನಿ ಬಿಟ್ಟು ಹೊಂಟ್ರ ಸೈತ 'ಬರತೀನಿ' ಅಂತೀವಿ. 'ಹೋಗಿ ಬರೋದು' ಅಂತ ಬರೀಬೇಕಂತಿದ್ದೆ, ಟೇಪಿನ ಮ್ಯಾಲ ಜಾಗ ಸಾಲಲಿಲ್ಲ."

ಹೀಗೆ ನಾಲ್ಕು ಎಳೆಗಳೂ 'ಬರೋದು' ಆಗಿದ್ದವು. ಜೆಸಿಬಿ ಕಡಿದ ದಿನ ಅವನು ರಸ್ತೆಯ ಕೇಬಲ್ಲಿನಿಂದ ಒಂದು ಎಳೆಯನ್ನೂ ಕಾಲುವೆಯ ಕೇಬಲ್ಲಿನಿಂದ ಇನ್ನೊಂದನ್ನೂ ಹಿಡಿದು ಮದುವೆ ಮಾಡಿದ್ದ. ಬಳ್ಳಾರಿಯ ಚೀಟಿ ನೆಟ್ಟಗೆ ರಸ್ತೆಯಲ್ಲಿ ಬರುತ್ತಿತ್ತು. ಬಾದನಹಟ್ಟಿಯ ಉತ್ತರ ಕಾಲುವೆ ದಂಡೆಯ ಗಾಳಿ ತಿಂದು, ಆರೇಳು ಕಿಲೋಮೀಟರು ಸುತ್ತು ಹಾಕಿ ಮರಳುತ್ತಿತ್ತು. ಸಿನಿಮಾ, ಬೈಗುಳ, ಹೂವು ಯಾವುದಕ್ಕೂ ಇದರಿಂದ ತೊಂದರೆಯಿಲ್ಲ. ಕೂಡಿಸಿ ಅರ್ಧ ಮಾಡುವ ಗಡಿಯಾರಕ್ಕೆ ಮಾತ್ರ ಲೆಕ್ಕ ತಪ್ಪಿತು. ಒಂದು ಮಂಗಳಕರ ಮಾತಿನಿಂದ ಇಷ್ಟು ಅಮಂಗಳ ಆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಏಳು. ಬೈಕ್ ತೆಗಿ."

"ಮಜ್ಜಿಗಿ ಕುಡೀತೀನ್ರಿ."

"ಏಳೋ ಮಾರಾಯಾ!"

ರೇಣುಕಾ ಮಜ್ಜಿಗೆಯ ಲೋಟವನ್ನು ಅವನ ಕೈಯಿಂದಲೇ ಕಸಿದುಕೊಂಡಳು. "ಬಂದ ಮ್ಯಾಲ ಕುಡಿಯಂತಿ, ಹೋಗಣ್ಣಾ," ಅಂದವಳು ನಾಲಿಗೆ ಕಚ್ಚಿಕೊಂಡು, "ಹೋಗ್ ಬರ್ರಿ ಇಬ್ರೂ" ಅಂದಳು.

ಆ ಬೈಕ್ ಪ್ರಯಾಣದ ವಿವರ ಬೇಡ. ಮುಂದೆ ಟ್ಯಾಂಕಿನ ಮೇಲೆ ಎಳೆ ಬೆಸೆಯುವ ಯಂತ್ರ, ಹಿಂದೆ ನಾನು, ನನ್ನ ತೊಡೆಯ ಮೇಲೆ ಪೆಟ್ಟಿಗೆ, ಬ್ಯಾಟರಿಯಲ್ಲಿ ಒಂದೇ ಗೆರೆ. ಎದುರು ಬಂದ ನೆಲ್ಲಿನ ಲಾರಿಗಳಿಗೆಲ್ಲ ತಿಪ್ಪೇಸ್ವಾಮಿ ತೆಲುಗಿನಲ್ಲಿ ಆಶೀರ್ವಾದ ಮಾಡಿದ. ಕಾಲುವೆಯ ಪಕ್ಕದ ಗುಂಡಿಯ ಮುಚ್ಚಳ ತೆಗೆದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ನೋಡಿದರೆ ನಾಲ್ಕು ಟೇಪುಗಳು, ನಾಲ್ಕರ ಮೇಲೂ ದುಂಡಗೆ 'ಬರೋದು'. ಅಕ್ಷರ ಬಹಳ ಚೆನ್ನಾಗಿತ್ತು.

ಅವನು ತಪ್ಪು ಎಳೆ ಕತ್ತರಿಸಿ, ರಸ್ತೆಯ ಕೇಬಲ್ಲಿನದೇ ಜೋಡಿ ಹುಡುಕಿ ಬೆಸೆಯತೊಡಗಿದ. ಗಾಳಿಗೆ ಧೂಳು ಬರದಂತೆ ನಾನು ಟವೆಲು ಹಿಡಿದು ಮರೆಯಾಗಿ ನಿಂತೆ. ಒಮ್ಮೆ ಬೆಸುಗೆ ಕೂಡಲಿಲ್ಲ, ಮತ್ತೆ ಕತ್ತರಿಸಿದ. ಸಾಹೇಬರ ಫೋನ್ ಬಂತು. "ಆಫ್ ಮಾಡಿದ್ರಾ?" ನಾನು, "ಸಾರ್, ಕೇಳಿಸ್ತಿಲ್ಲ, ಕಡೀತಾ ಇದೆ" ಅಂದೆ. ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಬಾದನಹಟ್ಟಿಯ ಟವರಿನ ಕೋಣೆಗೆ ಮರಳಿ ಪೆಟ್ಟಿಗೆ ಜೋಡಿಸಿದಾಗ ಅಂಕೆ ಇಳಿಯತೊಡಗಿತು. ಹತ್ತು. ನಾಲ್ಕು. ಕೊನೆಗೆ ಒಂದಕ್ಕಿಂತ ಕೆಳಗೆ ಬಂದು ನಿಂತಿತು. ನನ್ನ ಪೆಟ್ಟಿಗೆ ಅದನ್ನು ತೋರಿಸಿ, ಕರ್ತವ್ಯ ಮುಗಿಸಿದ ಹಿರಿಯರಂತೆ ಕಣ್ಣು ಮುಚ್ಚಿತು.

ಹೊರಗೆ ಪಂಪಣ್ಣ ಇಸ್ತ್ರಿಯ ಪಂಚೆಯುಟ್ಟು ನಿಂತಿದ್ದರು. ಅವರ ಹೆಂಡತಿ ರೇಷ್ಮೆ ಸೀರೆಯಲ್ಲಿದ್ದರು. ಮಲ್ಲಿಕಾರ್ಜುನ ಹೊಸ ನೀಲಿ ಅಂಗಿ ಹಾಕಿಕೊಂಡು, ಜಾತ್ರೆಗೆ ಮಾರಲು ತಂದ ಹೋರಿಯಂತೆ ನಿಂತಿದ್ದ. ಕಂಪ್ಲಿಯ ಬಸ್ಸಿಗೆ ಕಾಯುತ್ತಿದ್ದರು.

"ಪಂಪಣ್ಣಾರೆ, ಆಕೆ ಅಂದದ್ದು 'ಹೋಗ್ ಬರ್ರಿ' ಅಂತ. ಟವರ್ ನಡುವೆ ಕಡಿದಿತ್ತು."

"ಎಲ್ಲಿ ಉಂಡ್ರಿ ಮಧ್ಯಾಹ್ನ?"

ನಾನು ಅಂಗಿಯ ಮೇಲಿನ ಸಾರಿನ ಕಲೆಯನ್ನು ಪೆಟ್ಟಿಗೆಯಿಂದ ಮರೆಮಾಡಿದೆ.

"ಹಂಗಂತೀನಿ," ಅಂದರು ಪಂಪಣ್ಣ.

ಆಗ ನಾನು ಬೆನ್ನು ನೆಟ್ಟಗೆ ಮಾಡಿ, ಸರ್ಕಾರಿ ದನಿ ತೆಗೆದೆ. "ಇರಲಿ. ಆದರೆ ಟವರಿನ ಜಾಗದ ಯಜಮಾನರು ಒಂದು ಪರೀಕ್ಷಾ ಕರೆ ಮಾಡಬೇಕಾಗುತ್ತದೆ. ನಿಯಮ. ಸಿರುಗುಪ್ಪದ ನಂಬರಿಗೇ ಆಗಬೇಕು, ದೂರ ಸರಿಯಾಗಿರುತ್ತದೆ." ಅಂಥ ನಿಯಮ ಯಾವ ದೇಶದಲ್ಲೂ ಇಲ್ಲ.

"ನನ್ನ ಹಂತ್ಯಾಕ ಸಿರುಗುಪ್ಪದ್ದು ಒಂದ ನಂಬರ್ ಐತಿ."

"ಒಂದು ಸಾಕು."

ಪಂಪಣ್ಣ ಬಹಳ ಹೊತ್ತು ಫೋನ್ ನೋಡಿ, ಒತ್ತಿ, ಸ್ಪೀಕರ್ ಹಾಕಿ, ಕೈಯಳತೆ ದೂರ ಹಿಡಿದರು. ಆಚೆಯಿಂದ "ಹಲೋ" ಬಂತು.

"ಟೆಸ್ಟಿಂಗ್," ಅಂದರು ಪಂಪಣ್ಣ. "ನಾ ಮಾತಾಡಾಕ ಮಾಡಿಲ್ಲ. ಟವರಿಂದು ಟೆಸ್ಟಿಂಗ್."

"ಆತ್ರಿ. ನಾನೂ ಟೆಸ್ಟಿಂಗಿಗೆ ಎತ್ತೀನಿ, ಮಾತಾಡಾಕಲ್ಲ."

"ಆವತ್ತ ನನಗ 'ಹೋಗ್' ಅಂದ್ರಲ್ಲ, ಅದೂ ಟೆಸ್ಟಿಂಗ್ ಏನು?"

"'ಹೋಗ್ ಬರ್ರಿ' ಅಂದೆನ್ರೀ! ದೇವರಿಗೆ ಹೊಂಟೋರಿಗೆ ಇನ್ನೇನು ಅಂತಾರ? ನೀವ ನಡುವ ಫೋನ್ ಇಟ್ರಿ!"

"ನಾ ಇಟ್ಟಿಲ್ಲ!"

"ನಾನೂ ಇಟ್ಟಿಲ್ಲ!"

ಆಮೇಲೆ ಎರಡೂ ಕಡೆ ಸದ್ದಿಲ್ಲ. ಮಲ್ಲಿಕಾರ್ಜುನ ನನ್ನ ಮುಖ ನೋಡಿದ. ನಾನು ಟವರ್ ನೋಡಿದೆ. ಮತ್ತೆ ಕಡಿಯಿತೇ? ಅಷ್ಟರಲ್ಲಿ ಫೋನಿನೊಳಗೆ ಎಲ್ಲೋ ಒಂದು ಪಾತ್ರೆ ಬಿದ್ದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಇಂಥ ಇಂಪಾದ ಸದ್ದನ್ನು ನಾನು ಯಾವ ಸಂಗೀತ ಕಛೇರಿಯಲ್ಲೂ ಕೇಳಿಲ್ಲ.

"ಮಂತ್ರಾಲಯದ ಪ್ರಸಾದ ಕಳಸತೀರೇನ್ರಿ?" ಎಂದರು ಹುಲಿಗೆಮ್ಮ, ದನಿ ಇಳಿಸಿ.

"ಹೋಗಲೇ ಇಲ್ಲ. ಸಿಟ್ಟಿನ್ಯಾಗ ಕುಂತಿದ್ದೆ."

"ದೇವರ ಮ್ಯಾಲ ಯಾಕ ಸಿಟ್ಟು? ಹೋಗ್ ಬಂದು ತಾರೀಖು ಹೇಳ್ರಿ. ಮದುವಿ ಮಾತ್ರ ಇಲ್ಲೇ, ಸಿರುಗುಪ್ಪದಾಗ. ಅಡಿಗಿ ನಂದು."

"ಅದೆಂಗ ಆಗತೈತಿ?" ಪಂಪಣ್ಣ ಸ್ಪೀಕರ್ ತೆಗೆದು ಫೋನನ್ನು ಕಿವಿಗೆ ಒತ್ತಿಕೊಂಡರು. "ಏ ಬೀಗರ, ನಮ್ಮ ಕಡಿ ಮಂದಿ ಎಷ್ಟಂತ ತಿಳಿದೀರಿ? ನಿಮ್ಮ ಪಡಸಾಲ್ಯಾಗ ಹಿಡಸತಾರೇನು?"

ರೇಷ್ಮೆ ಸೀರೆಯ ಹೆಂಡತಿ ಥಟ್ಟನೆ ಅವರ ಕಡೆ ನೋಡಿದರು. ಪಂಪಣ್ಣನವರಿಗೆ ತಾವು 'ಬೀಗರ' ಅಂದದ್ದು ತಿಳಿಯಲೇ ಇಲ್ಲ. ಅವರು ಆಗಲೇ ಛತ್ರದ ಉದ್ದಗಲದ ಬಗ್ಗೆ ಜಗಳಕ್ಕೆ ನಿಂತಿದ್ದರು. ಕಂಪ್ಲಿಯ ಬಸ್ಸು ಬಂದು ಹಾರನ್ ಹೊಡೆಯಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಇವರನ್ನು ಕೂಗಿ ಕರೆದ. ಪಂಪಣ್ಣ ಕೈಯಲ್ಲೇ, ಸದ್ದು ಮಾಡಬೇಡ, ಹೋಗು ಎಂದು ಸನ್ನೆ ಮಾಡಿದರು. ಬಸ್ಸು ಹೋಯಿತು.

ಬಳ್ಳಾರಿಯ ಬಸ್ಸು ಬಂದಾಗ ಸತ್ತ ಪೆಟ್ಟಿಗೆ ಹೊತ್ತು ಹತ್ತಿದೆ. ಕಿಟಕಿಯಿಂದ ಒಮ್ಮೆ ಹಿಂದಿರುಗಿ ನೋಡಿದೆ. ಪಂಪಣ್ಣ ಇನ್ನೂ ಫೋನಿನಲ್ಲಿ ಕೈ ಬೀಸಿ ಬೀಸಿ ವಾದಿಸುತ್ತಾ ಅಂಗಳದಲ್ಲಿ ಸುತ್ತುತ್ತಿದ್ದರು. ಮಲ್ಲಿಕಾರ್ಜುನ ಕಟ್ಟೆಯ ಮೇಲೆ ಕೂತು ಹೊಸ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ, ಅವಸರವಿಲ್ಲದೆ, ಇಸ್ತ್ರಿ ಕೆಡದ ಹಾಗೆ.